ಕರೆ ತುಂಡಾಗದಂತೆ ರೂಟರ್ ಸಜ್ಜುಗೊಳಿಸುವುದು: ಇಂಟರ್‌ಫೇಸ್‌ಗೆ ಕ್ಯೂಒಎಸ್ ನೀತಿ ಹಾಕುವ ಕ್ರಮ

ನವೆಂಬರ್‌ನಿಂದ ಮಾರ್ಚ್‌ವರೆಗೆ ಹಾಸನದ ಕಾಫಿ ಕ್ಯೂರಿಂಗ್ ಘಟಕಗಳ ಕಚೇರಿಗಳಿಗೆ ಬಿಡುವಿರುವುದಿಲ್ಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಬಂದಿರುತ್ತದೆ. ಅಂಗಳದಲ್ಲಿ ಲಾರಿಯಿಂದ ಮೂಟೆ ಇಳಿಯುತ್ತಿರುವಾಗಲೇ ಒಳಗೆ ಖರೀದಿದಾರರ ಕರೆ, ಇ-ವೇ ಬಿಲ್, ಜಿಎಸ್‌ಟಿ ಪೋರ್ಟಲ್, ಕ್ಲೌಡ್‌ನಲ್ಲಿರುವ ಲೆಕ್ಕಪತ್ರ ಎಲ್ಲವೂ ಒಂದೇ ಫೈಬರ್ ಸಂಪರ್ಕದ ಮೇಲೆ ಬೀಳುತ್ತವೆ. ಆಗ ಕೇಳಿಬರುವ ದೂರು ಸಾಮಾನ್ಯವಾಗಿ ಒಂದೇ: ನೆಟ್ ಇದೆ, ಆದರೆ ಮಾತು ತುಂಡು ತುಂಡಾಗಿ ಕೇಳಿಸುತ್ತದೆ. ವೇಗ ಪರೀಕ್ಷೆ ಮಾಡಿದರೆ ಹಣ ಕೊಟ್ಟಷ್ಟು ಎಂಬಿಪಿಎಸ್ ಸರಿಯಾಗಿಯೇ ಬರುತ್ತದೆ. ಇನ್ನೂ ದೊಡ್ಡ ಪ್ಲಾನ್ ತೆಗೆದುಕೊಂಡರೆ ಕೆಲವು ದಿನ ನೆಮ್ಮದಿ. ಆಮೇಲೆ ಹೊಸ ಕ್ಯಾಮೆರಾ, ಹೊಸ ಬ್ಯಾಕಪ್ ಸೇರಿಕೊಂಡು ಮತ್ತೆ ಅದೇ ಕಥೆ. ಇದಕ್ಕೆ ಮದ್ದು ಇರುವುದು ಪ್ಲಾನ್‌ನಲ್ಲಲ್ಲ, ರೂಟರ್‌ನಲ್ಲಿ. ಯಾವ ಪ್ಯಾಕೆಟ್ (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕು) ಮೊದಲು ಹೋಗಬೇಕು, ಯಾವುದು ಕಾಯಬಹುದು ಎಂದು ರೂಟರ್‌ಗೆ ಹೇಳಿಕೊಡುವುದನ್ನೇ ಕ್ಯೂಒಎಸ್ (ಕ್ವಾಲಿಟಿ ಆಫ್ ಸರ್ವಿಸ್) ಎನ್ನುತ್ತೇವೆ.

ಇಂಥ ಕಚೇರಿಯ ರೂಟರ್ ನೋಡಿಕೊಳ್ಳುವವರಿಗಾಗಿ ಈ ಲೇಖನ. ಸಿಸ್ಕೊದ ಐಒಎಸ್ ಎಕ್ಸ್‌ಇ ತಂತ್ರಾಂಶವಿರುವ ರೂಟರ್ ಅನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ ರೂಟರ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಗುಂಪುಗಳಿಗೆ ಮತ್ತು ನೀತಿಗಳಿಗೆ ನಾನು ಇಟ್ಟಿರುವ ಹೆಸರುಗಳನ್ನು ನಿಮ್ಮ ಇಷ್ಟದಂತೆ ಬದಲಿಸಿಕೊಳ್ಳಿ.

ಉದಾಹರಣೆಗೆ ಹೀಗೊಂದು ಕಚೇರಿ ಇಟ್ಟುಕೊಳ್ಳೋಣ. ಹಾಸನದಲ್ಲಿ ಕ್ಯೂರಿಂಗ್ ಘಟಕ, ಮೂಡಿಗೆರೆ ಕಡೆಯ ತೋಟದಲ್ಲಿ ಅದರ ಶಾಖೆ, ಎರಡರ ನಡುವೆ ವಿಪಿಎನ್, ಅಂದರೆ ಅಂತರ್ಜಾಲದ ಮೇಲೆ ಹಾದುಹೋಗುವ ಖಾಸಗಿ ಸಂಪರ್ಕ. ಹಾಸನದಲ್ಲಿ ಎರಡೂ ದಿಕ್ಕಿಗೆ 40 ಎಂಬಿಪಿಎಸ್ ಫೈಬರ್. ಅದು ರೂಟರ್‌ನ ಗಿಗಾಬಿಟ್ ಈಥರ್‌ನೆಟ್ 0/0/0 ಪೋರ್ಟ್‌ಗೆ ಬರುತ್ತದೆ. ಒಳಗಿನ ಜಾಲ 0/0/1ರಲ್ಲಿದೆ, ಅದನ್ನು ವಿಲ್ಯಾನ್‌ಗಳಾಗಿ (ಒಂದೇ ತಂತಿಯ ಮೇಲಿನ ಪ್ರತ್ಯೇಕ ಜಾಲಗಳಾಗಿ) ಬೇರ್ಪಡಿಸಿದೆ: ವಿಲ್ಯಾನ್ 10 ಕಚೇರಿಯ ಕಂಪ್ಯೂಟರ್‌ಗಳಿಗೆ, 20 ಐಪಿ ಫೋನ್‌ಗಳಿಗೆ, 30 ಕ್ಯಾಮೆರಾಗಳಿಗೆ, 40 ಅತಿಥಿಗಳ ವೈಫೈಗೆ. ನಿಮ್ಮಲ್ಲಿ ಎಲ್ಲವೂ ಒಂದೇ ವಿಲ್ಯಾನ್‌ನಲ್ಲಿದ್ದರೆ ಮೊದಲು ಅದನ್ನು ಬೇರ್ಪಡಿಸಿ. ಮುಂದಿನ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಸಾಲು ಎಲ್ಲಿ ಕಟ್ಟುತ್ತಿದೆ?

ಕ್ಯೂಒಎಸ್ ಹಾಕಿದರೂ ಏನೂ ಆಗಲಿಲ್ಲ ಎನ್ನುವವರ ರೂಟರ್ ತೆರೆದು ನೋಡಿದರೆ ನೀತಿ ಸರಿಯಾಗಿಯೇ ಬರೆದಿರುತ್ತದೆ, ಅದು ಕೆಲಸ ಮಾಡುವ ಜಾಗ ಮಾತ್ರ ತಪ್ಪಿರುತ್ತದೆ. ಇದೊಂದು ಅರ್ಥವಾದರೆ ಉಳಿದದ್ದು ಟೈಪಿಂಗ್ ಅಷ್ಟೇ.

ಮಂಗಳೂರಿಗೆ ಹೊರಟ ವಾಹನಗಳನ್ನು ನೆನೆಯಿರಿ. ಹಾಸನದಿಂದ ಸಕಲೇಶಪುರದ ತನಕ ಸರಾಗವಾಗಿ ಓಡಿದ ಲಾರಿಗಳು ಮಾರನಹಳ್ಳಿ ದಾಟಿ ಶಿರಾಡಿ ಘಾಟಿಗೆ ಇಳಿಯುವಲ್ಲಿ ಸಾಲು ನಿಲ್ಲುತ್ತವೆ. ಆಂಬುಲೆನ್ಸ್‌ಗೆ ದಾರಿ ಬಿಡಿಸಬೇಕಾದ ಪೊಲೀಸರು ಆ ಸಾಲು ಇರುವಲ್ಲಿ ನಿಂತರೆ ಪ್ರಯೋಜನ. ಹಾಸನದ ಬೈಪಾಸ್‌ನಲ್ಲಿ ನಿಂತರೆ ಬಿಡಿಸಲು ಅಲ್ಲಿ ಸಾಲೇ ಇರುವುದಿಲ್ಲ.

ನಮ್ಮ ರೂಟರ್‌ನ ಸ್ಥಿತಿಯೂ ಅದೇ. ಅದರ ಪೋರ್ಟ್ 1 ಜಿಬಿಪಿಎಸ್‌ನದು, ಆಚೆಗಿನ ಸಂಪರ್ಕ 40 ಎಂಬಿಪಿಎಸ್‌ನದು. ಪೋರ್ಟ್ ತುಂಬಿತು ಎಂದು ರೂಟರ್‌ಗೆ ಎಂದೂ ಅನ್ನಿಸುವುದಿಲ್ಲ. ಬಂದ ಪ್ಯಾಕೆಟ್‌ಗಳನ್ನೆಲ್ಲ ಹಾಗೆಯೇ ಹೊರಗೆ ತಳ್ಳುತ್ತದೆ. ಸಾಲು ಕಟ್ಟುವುದು ಸೇವಾದಾರರ ಪೆಟ್ಟಿಗೆಯಲ್ಲಿ. ಅಲ್ಲಿ ಧ್ವನಿಯೂ ಕ್ಯಾಮೆರಾದ ದೃಶ್ಯವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಸಾಲು ತುಂಬಿದಾಗ ಸಿಕ್ಕ ಪ್ಯಾಕೆಟ್ ಬಿದ್ದುಹೋಗುತ್ತದೆ. ನೀವು ಬರೆದ ಆದ್ಯತೆ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಆ ಸಾಲನ್ನು ನಮ್ಮ ಕೈಗೆ ಸಿಗುವಲ್ಲಿಗೆ ತರಬೇಕು. ಹೊರಗೆ ಹೋಗುವ ಒಟ್ಟು ವೇಗವನ್ನು ಸಂಪರ್ಕದ ನಿಜವಾದ ವೇಗಕ್ಕಿಂತ ಸ್ವಲ್ಪ ಕೆಳಗೆ ಹಿಡಿದಿಟ್ಟರೆ ಸಾಲು ನಮ್ಮ ರೂಟರ್‌ನಲ್ಲೇ ಕಟ್ಟುತ್ತದೆ. ಹೀಗೆ ಹಿಡಿದಿಡುವುದೇ ಶೇಪಿಂಗ್. ಈ ಶೇಪಿಂಗ್ ತಂದೆ ನೀತಿ, ಅದರೊಳಗೆ ಆದ್ಯತೆಗಳನ್ನು ಹೇಳುವುದು ಮಗುವಿನ ನೀತಿ. ಗಿಗಾಬಿಟ್ ಪೋರ್ಟ್‌ಗೆ ಬರಿಯ ಮಗುವಿನ ನೀತಿಯನ್ನು ಹಾಕಿ ಫಲ ಕಾಣದೆ ಕೈಬಿಟ್ಟವರು ಬಹಳ ಮಂದಿ.

ಕ್ಯೂಒಎಸ್‌ನಿಂದ ಆಗದ ಕೆಲಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಾಲಿನಲ್ಲಿ ಕಾಯುವ ಹೊತ್ತನ್ನು ಅದು ಕಡಿಮೆ ಮಾಡಬಲ್ಲದು, ದೂರವನ್ನು ಕಡಿಮೆ ಮಾಡಲಾರದು. ಹಾಸನದವರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಇಸ್ರೊದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇಲ್ಲಿಯೇ ಇದೆ. ಭೂಸ್ಥಿರ ಉಪಗ್ರಹ ಇರುವುದು ಸಮಭಾಜಕದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ. ಸಂಕೇತ ಮೇಲೆ ಹೋಗಿ ಕೆಳಗೆ ಬರುವುದಕ್ಕೇ 240 ಮಿಲಿಸೆಕೆಂಡ್ ಹತ್ತಿರ ಬೇಕು. ಮಾತುಕತೆಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿರುವುದು ಒಳ್ಳೆಯದು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯುವಿನ ಜಿ.114 ಶಿಫಾರಸು. ತೋಟದ ಶಾಖೆ ವಿಸ್ಯಾಟ್ (ಉಪಗ್ರಹ ಸಂಪರ್ಕ) ಮೇಲೆ ನಡೆಯುತ್ತಿದ್ದರೆ ಆ ವಿಳಂಬವನ್ನು ಯಾವ ನೀತಿಯೂ ಅಳಿಸುವುದಿಲ್ಲ. ಮಾತು ತುಂಡಾಗುವುದನ್ನು ಮಾತ್ರ ತಡೆಯಬಹುದು.

ಅಳತೆಯಿಲ್ಲದೆ ಅಂಕಿ ಬರೆಯಬೇಡಿ

ಒಂದು ಲ್ಯಾಪ್‌ಟಾಪ್ ಅನ್ನು ತಂತಿಯಲ್ಲಿ ಜೋಡಿಸಿ ಹೊರಗಿನ ಒಂದು ವಿಳಾಸಕ್ಕೆ ಪಿಂಗ್ (ಪ್ಯಾಕೆಟ್ ಹೋಗಿಬರುವ ಹೊತ್ತನ್ನು ಅಳೆಯುವ ಆದೇಶ) ಓಡಲು ಬಿಡಿ. ಇನ್ನೊಂದು ಕಂಪ್ಯೂಟರ್‌ನಿಂದ ದೊಡ್ಡ ಕಡತವೊಂದನ್ನು ಕ್ಲೌಡ್‌ಗೆ ಏರಿಸಿ. ಖಾಲಿ ಇದ್ದಾಗ 20 ಅಥವಾ 30 ಮಿಲಿಸೆಕೆಂಡ್ ಇದ್ದ ಪಿಂಗ್ ಆಗ ನೂರಾರಕ್ಕೆ ಜಿಗಿದರೆ ಸೇವಾದಾರರ ಪೆಟ್ಟಿಗೆಯಲ್ಲಿ ಸಾಲು ಕಟ್ಟುತ್ತಿದೆ ಎಂದರ್ಥ. ಪಿಂಗ್ ಹೆಚ್ಚಾಗದೆಯೂ ಮಾತು ತುಂಡಾಗುತ್ತಿದ್ದರೆ ವೈಫೈ, ಕೇಬಲ್ ಅಥವಾ ಫೋನ್ ಕಡೆ ನೋಡಿ; ಈ ಲೇಖನ ಅದಕ್ಕೆ ಉತ್ತರವಲ್ಲ.

ಅಪ್‌ಲೋಡ್ ವೇಗವನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಳೆದು ಕಡಿಮೆ ಬಂದದ್ದನ್ನು ಹಿಡಿಯಿರಿ. ಪ್ಲಾನ್ 40 ಎಂದಿದ್ದರೂ ಸಂಜೆ 38 ಬಂದರೆ ನಮ್ಮ ಲೆಕ್ಕ 38. ಅದರ ಶೇ. 95ರಷ್ಟು, ಅಂದರೆ 36 ಎಂಬಿಪಿಎಸ್‌ಗೆ ಶೇಪಿಂಗ್ ಇಡೋಣ. ಬಿಟ್ಟುಕೊಟ್ಟ 2 ಎಂಬಿಪಿಎಸ್ ನಷ್ಟವೆಂದು ಮಾಲೀಕರು ಕೇಳಿದರೆ, ಉಳಿದ 36 ನಮ್ಮ ಹತೋಟಿಯಲ್ಲಿರುವುದಕ್ಕೆ ಕೊಡುವ ಬೆಲೆ ಅದು ಎಂದು ಹೇಳಿ.

ರೂಟರ್‌ನ ಸಾಮರ್ಥ್ಯವನ್ನೂ ನೋಡಿ. ಐಎಸ್‌ಆರ್ 4321ರಂತಹ ಮಾದರಿಗಳಲ್ಲಿ ಮೂಲ ಪರವಾನಗಿಯ ಒಟ್ಟು ಮಿತಿಯೇ 50 ಎಂಬಿಪಿಎಸ್. ಎರಡೂ ದಿಕ್ಕಿನ ಸಂಚಾರ ಸೇರಿ ಅದನ್ನು ಮುಟ್ಟುತ್ತಿದ್ದರೆ ತಪ್ಪು ಫೈಬರ್‌ನದಲ್ಲ.

ಮುಂದಿನದು ಧ್ವನಿಯ ಲೆಕ್ಕ. ಜಿ.711 ಕೋಡೆಕ್ (ಧ್ವನಿಯನ್ನು ಅಂಕಿಗಳಾಗಿಸುವ ವಿಧಾನ) ಪ್ರತಿ 20 ಮಿಲಿಸೆಕೆಂಡ್‌ಗೆ ಒಂದರಂತೆ ಸೆಕೆಂಡಿಗೆ 50 ಪ್ಯಾಕೆಟ್ ಕಳುಹಿಸುತ್ತದೆ. ಒಂದೊಂದರಲ್ಲಿ 160 ಬೈಟ್ ಧ್ವನಿ, 40 ಬೈಟ್ ಹೆಡರ್ (ವಿಳಾಸ ಮುಂತಾದವು ಇರುವ ತಲೆಬರಹ). ಒಟ್ಟು 80 ಕೆಬಿಪಿಎಸ್; ಈಥರ್‌ನೆಟ್ ಹೆಡರ್ ಸೇರಿದರೆ ಸುಮಾರು 87. ಐಪಿಸೆಕ್ ಟನಲ್ (ವಿಪಿಎನ್‌ನ ಗೂಢಲಿಪಿ ಸುರಂಗ) ಒಳಗೆ ಹೋದರೆ ನೂರು ದಾಟುತ್ತದೆ. ಏಕಕಾಲಕ್ಕೆ ಹೆಚ್ಚೆಂದರೆ ಹತ್ತು ಕರೆ ಎಂದಾದರೆ 1,500 ಕೆಬಿಪಿಎಸ್ ಮೀಸಲಿಟ್ಟರೆ ಸಾಕು. ಜಿ.729 ಬಳಸಿದರೆ ಕರೆಗೆ 24 ಕೆಬಿಪಿಎಸ್, ಈಥರ್‌ನೆಟ್ ಸೇರಿ 31 ಅಷ್ಟೇ. ತೋಟದ ಶಾಖೆಗೆ ಸಂಪರ್ಕ ಸಣ್ಣದಿದ್ದರೆ ಅದನ್ನು ಯೋಚಿಸಬಹುದು.

ಒಳಗೆ ಬರುವಾಗಲೇ ಗುರುತು ಹಾಕಿ

ಪ್ರತಿ ಐಪಿ ಪ್ಯಾಕೆಟ್‌ನ ಹೆಡರ್‌ನಲ್ಲಿ ಡಿಎಸ್‌ಸಿಪಿ ಎಂಬ 6 ಬಿಟ್‌ಗಳ ಜಾಗವಿದೆ. ಅದರಲ್ಲಿ ಬರೆದ ಸಂಖ್ಯೆಯೇ ಪ್ಯಾಕೆಟ್‌ನ ದರ್ಜೆ. ಧ್ವನಿಗೆ ಇಎಫ್, ಅಂದರೆ 46. ವಿಡಿಯೊ ಸಭೆಗೆ ಎಎಫ್41, ಅಂದರೆ 34. ಮುಖ್ಯ ವ್ಯವಹಾರಕ್ಕೆ ಎಎಫ್31, ಅಂದರೆ 26. ಕರೆ ಜೋಡಿಸುವ ಸಿಗ್ನಲಿಂಗ್‌ಗೆ ಸಿಎಸ್3, ಅಂದರೆ 24. ಕಾಯಬಹುದಾದ ಭಾರಿ ಸಂಚಾರಕ್ಕೆ ಸಿಎಸ್1, ಅಂದರೆ 8. ಉಳಿದದ್ದಕ್ಕೆ 0.

ಗುರುತನ್ನು ಹೊರಗಿನ ಪೋರ್ಟ್‌ನಲ್ಲಿ ಹಾಕದೆ ಒಳಗಿನ ಪೋರ್ಟ್‌ನಲ್ಲೇ ಹಾಕುವುದಕ್ಕೆ ಬಲವಾದ ಕಾರಣವಿದೆ. ಹೊರಗೆ ಹೋಗುವ ದಾರಿಯಲ್ಲಿ ನೀತಿ ಪ್ಯಾಕೆಟ್ ಅನ್ನು ನೋಡುವ ಹೊತ್ತಿಗೆ ನ್ಯಾಟ್ (ಒಳಗಿನ ವಿಳಾಸವನ್ನು ಸಾರ್ವಜನಿಕ ವಿಳಾಸವಾಗಿ ಬದಲಿಸುವುದು) ಮುಗಿದಿರುತ್ತದೆ. ಫೋನ್, ಕ್ಯಾಮೆರಾ, ಕಂಪ್ಯೂಟರ್ ಎಲ್ಲದರ ವಿಳಾಸವೂ ಒಂದೇ ಸಾರ್ವಜನಿಕ ಐಪಿ ಆಗಿರುತ್ತದೆ. ಅಲ್ಲಿ ಒಳಗಿನ ವಿಳಾಸದ ಎಸಿಎಲ್ (ವಿಳಾಸ ಮುಂತಾದವನ್ನು ನೋಡಿ ಪ್ಯಾಕೆಟ್ ಆರಿಸುವ ಪಟ್ಟಿ) ಹಾಕಿದರೆ ಒಂದು ಪ್ಯಾಕೆಟ್ ಕೂಡ ಹೊಂದುವುದಿಲ್ಲ. ಡಿಎಸ್‌ಸಿಪಿ ಮಾತ್ರ ನ್ಯಾಟ್ ದಾಟಿದರೂ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಒಳಗೆ ವಿಳಾಸ ನೋಡಿ ಗುರುತು, ಹೊರಗೆ ಗುರುತು ನೋಡಿ ಆದ್ಯತೆ.

ವಿಲ್ಯಾನ್‌ಗಳನ್ನು ಬೇರೆ ಮಾಡಿದ್ದರೆ ಕ್ಯಾಮೆರಾದ್ದು ಕೆಲವೇ ಸಾಲಿನ ಕೆಲಸ (ಕ್ಲಾಸ್-ಡೀಫಾಲ್ಟ್ ಎಂದರೆ ಬೇರೆ ಯಾವ ಗುಂಪಿಗೂ ಸೇರದ ಎಲ್ಲ ಸಂಚಾರ, 0/0/1.30 ಎಂದರೆ ಆ ಪೋರ್ಟ್‌ನಲ್ಲಿ ವಿಲ್ಯಾನ್ 30ರ ಭಾಗ):

ಪಾಲಿಸಿ-ಮ್ಯಾಪ್ ಕ್ಯಾಮೆರಾ-ಇನ್
 ಕ್ಲಾಸ್ ಕ್ಲಾಸ್-ಡೀಫಾಲ್ಟ್
  ಸೆಟ್ ಡಿಎಸ್‌ಸಿಪಿ ಸಿಎಸ್1

ಇಂಟರ್‌ಫೇಸ್ ಗಿಗಾಬಿಟ್‌ಈಥರ್‌ನೆಟ್ 0/0/1.30
 ಸರ್ವಿಸ್-ಪಾಲಿಸಿ ಇನ್‌ಪುಟ್ ಕ್ಯಾಮೆರಾ-ಇನ್

ಫೋನ್‌ಗಳ ವಿಲ್ಯಾನ್ 20ರಲ್ಲಿ ಧ್ವನಿಯ ಯುಡಿಪಿ ಪೋರ್ಟ್‌ಗಳಿಗೆ (ಇಲ್ಲಿ ಪೋರ್ಟ್ ಎಂದರೆ ತಂತಿ ಸಿಕ್ಕಿಸುವ ಜಾಗವಲ್ಲ, ಪ್ಯಾಕೆಟ್‌ನಲ್ಲಿರುವ ಸಂಖ್ಯೆ) ಎಸಿಎಲ್ ಬರೆದು ಇಎಫ್ ಕೊಡಿ. ಸಿಸ್ಕೊ ಸಾಧನಗಳಲ್ಲಿ ಇವು ಸಾಮಾನ್ಯವಾಗಿ 16384ರಿಂದ 32767ರವರೆಗೆ. ಬೇರೆ ಕಂಪನಿಯ ಫೋನ್ ಆದರೆ ಅದರ ಸೆಟ್ಟಿಂಗ್‌ನಲ್ಲಿರುವ ಆರ್‌ಟಿಪಿ (ಧ್ವನಿ ಸಾಗಿಸುವ ಪ್ರೋಟೊಕಾಲ್) ಪೋರ್ಟ್ ವ್ಯಾಪ್ತಿ ನೋಡಿಕೊಳ್ಳಿ. ಕರೆ ಜೋಡಿಸುವ ಎಸ್‌ಐಪಿಯ 5060ಕ್ಕೆ ಸಿಎಸ್3. ಅದೇ ವಿಲ್ಯಾನ್‌ನ ಉಳಿದ ಸಂಚಾರವನ್ನು 0ಗೆ ಇಳಿಸಿ. ಫೋನ್ ತನ್ನ ತಂತ್ರಾಂಶ ಇಳಿಸಿಕೊಳ್ಳುವುದಕ್ಕೆ ಧ್ವನಿಯ ದರ್ಜೆ ಬೇಕಿಲ್ಲ.

ಕಚೇರಿಯ ವಿಲ್ಯಾನ್ 10ರಲ್ಲಿ ವಿಡಿಯೊ ಸಭೆಗಳನ್ನು ಗುರುತಿಸುವುದು ಸ್ವಲ್ಪ ತಾಳ್ಮೆಯ ಕೆಲಸ. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಕಂಪ್ಯೂಟರ್ ಕಡೆಯ ಪೋರ್ಟ್‌ಗಳು ಧ್ವನಿಗೆ 50000ರಿಂದ 50019, ವಿಡಿಯೊಗೆ 50020ರಿಂದ 50039, ಪರದೆ ಹಂಚಿಕೆಗೆ 50040ರಿಂದ 50059. ಝೂಮ್‌ನ ಸರ್ವರ್ ಕಡೆಯ ಯುಡಿಪಿ ಪೋರ್ಟ್‌ಗಳು 8801ರಿಂದ 8810. ಗೂಗಲ್ ಮೀಟ್‌ನವು 3478 ಮತ್ತು 19302ರಿಂದ 19309. ಇವೆಲ್ಲಕ್ಕೂ ಎಎಫ್41 ಸಾಕು. ಸಭೆಯ ಧ್ವನಿಯನ್ನು ಬೇರೆ ಮಾಡಿ ಇಎಫ್‌ಗೆ ಸೇರಿಸುವ ಆಸೆ ಬರುತ್ತದೆ. ಸಣ್ಣ ಕಚೇರಿಗಳಲ್ಲಿ ಅದರ ಅಗತ್ಯವನ್ನು ನಾನು ಕಂಡಿಲ್ಲ. ಜಿಎಸ್‌ಟಿ ಮತ್ತು ಇ-ವೇ ಬಿಲ್ ಪೋರ್ಟಲ್ ಹಾಗೂ ಕ್ಲೌಡ್ ಲೆಕ್ಕಪತ್ರದ ಸರ್ವರ್‌ಗೆ ಎಎಫ್31.

ಅತಿಥಿಗಳ ವಿಲ್ಯಾನ್ 40ರಲ್ಲಿ ಎಲ್ಲವನ್ನೂ ಕಡ್ಡಾಯವಾಗಿ 0ಗೆ ತಂದುಬಿಡಿ. ಡಿಎಸ್‌ಸಿಪಿಯನ್ನು ಯಾವ ಸಾಧನ ಬೇಕಾದರೂ ತಾನೇ ಬರೆದುಕೊಳ್ಳಬಹುದು. ಅಪರಿಚಿತರ ಮೊಬೈಲ್ ಹಾಕಿಕೊಂಡು ಬಂದ 46 ಅನ್ನು ನಂಬಿದರೆ ನಿಮ್ಮ ಧ್ವನಿಯ ಸಾಲಿಗೆ ಯಾರು ಬೇಕಾದರೂ ನುಗ್ಗುತ್ತಾರೆ.

ನೀತಿ ಬರೆಯುವುದು

ಹೊರಗಿನ ಪೋರ್ಟ್‌ಗೆ ಬೇಕಾದ ಗುಂಪುಗಳು ಈಗ ಚಿಕ್ಕವು, ಗುರುತು ನೋಡಿದರೆ ಸಾಕು:

ಕ್ಲಾಸ್-ಮ್ಯಾಪ್ ಮ್ಯಾಚ್-ಎನಿ ವಾಯ್ಸ್
 ಮ್ಯಾಚ್ ಡಿಎಸ್‌ಸಿಪಿ ಇಎಫ್
ಕ್ಲಾಸ್-ಮ್ಯಾಪ್ ಮ್ಯಾಚ್-ಎನಿ ಮೀಟಿಂಗ್
 ಮ್ಯಾಚ್ ಡಿಎಸ್‌ಸಿಪಿ ಎಎಫ್41
ಕ್ಲಾಸ್-ಮ್ಯಾಪ್ ಮ್ಯಾಚ್-ಎನಿ ಬಿಜಿನೆಸ್
 ಮ್ಯಾಚ್ ಡಿಎಸ್‌ಸಿಪಿ ಎಎಫ್31
 ಮ್ಯಾಚ್ ಡಿಎಸ್‌ಸಿಪಿ ಸಿಎಸ್3
ಕ್ಲಾಸ್-ಮ್ಯಾಪ್ ಮ್ಯಾಚ್-ಎನಿ ಕ್ಯಾಮೆರಾ
 ಮ್ಯಾಚ್ ಡಿಎಸ್‌ಸಿಪಿ ಸಿಎಸ್1

ಮ್ಯಾಚ್-ಎನಿ ಎಂದು ಬರೆಯಲು ಮರೆಯಬೇಡಿ. ಬರೆಯದಿದ್ದರೆ ರೂಟರ್ ಮ್ಯಾಚ್-ಆಲ್ ಎಂದು ತಿಳಿಯುತ್ತದೆ. ಬಿಜಿನೆಸ್ ಗುಂಪಿನಲ್ಲಿ ಎರಡು ಗುರುತುಗಳಿವೆ. ಒಂದೇ ಪ್ಯಾಕೆಟ್ ಎಎಫ್31 ಮತ್ತು ಸಿಎಸ್3 ಎರಡೂ ಆಗಿರಲು ಸಾಧ್ಯವಿಲ್ಲವಾದ್ದರಿಂದ ಆ ಗುಂಪಿಗೆ ಏನೂ ಸೇರುವುದಿಲ್ಲ. ರೂಟರ್ ದೋಷ ತೋರಿಸುವುದೂ ಇಲ್ಲ.

ಮಗುವಿನ ನೀತಿ:

ಪಾಲಿಸಿ-ಮ್ಯಾಪ್ ಚೈಲ್ಡ್
 ಕ್ಲಾಸ್ ವಾಯ್ಸ್
  ಪ್ರಯಾರಿಟಿ 1500
 ಕ್ಲಾಸ್ ಮೀಟಿಂಗ್
  ಬ್ಯಾಂಡ್‌ವಿಡ್ತ್ ರಿಮೇನಿಂಗ್ ಪರ್ಸೆಂಟ್ 30
 ಕ್ಲಾಸ್ ಬಿಜಿನೆಸ್
  ಬ್ಯಾಂಡ್‌ವಿಡ್ತ್ ರಿಮೇನಿಂಗ್ ಪರ್ಸೆಂಟ್ 30
 ಕ್ಲಾಸ್ ಕ್ಯಾಮೆರಾ
  ಬ್ಯಾಂಡ್‌ವಿಡ್ತ್ ರಿಮೇನಿಂಗ್ ಪರ್ಸೆಂಟ್ 10
 ಕ್ಲಾಸ್ ಕ್ಲಾಸ್-ಡೀಫಾಲ್ಟ್
  ಬ್ಯಾಂಡ್‌ವಿಡ್ತ್ ರಿಮೇನಿಂಗ್ ಪರ್ಸೆಂಟ್ 30
  ಫೇರ್-ಕ್ಯೂ

ತಂದೆ ನೀತಿ:

ಪಾಲಿಸಿ-ಮ್ಯಾಪ್ ಪೇರೆಂಟ್
 ಕ್ಲಾಸ್ ಕ್ಲಾಸ್-ಡೀಫಾಲ್ಟ್
  ಶೇಪ್ ಆವರೇಜ್ 36000000
  ಸರ್ವಿಸ್-ಪಾಲಿಸಿ ಚೈಲ್ಡ್

ಪ್ರಯಾರಿಟಿಯ ಅಂಕಿ ಕೆಬಿಪಿಎಸ್‌ನಲ್ಲಿದೆ, ಶೇಪ್‌ನ ಅಂಕಿ ಬರಿಯ ಬಿಪಿಎಸ್‌ನಲ್ಲಿದೆ. ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ. ಒಂದು ಸೊನ್ನೆ ಕಡಿಮೆಯಾದರೆ ಇಡೀ ಕಚೇರಿ 3.6 ಎಂಬಿಪಿಎಸ್‌ನಲ್ಲಿ ತೆವಳುತ್ತದೆ.

ಪ್ರಯಾರಿಟಿ ಮತ್ತು ಬ್ಯಾಂಡ್‌ವಿಡ್ತ್ ಇವೆರಡರ ಸ್ವಭಾವ ಬೇರೆ ಬೇರೆ. ಬ್ಯಾಂಡ್‌ವಿಡ್ತ್ ಎಂದರೆ ಕನಿಷ್ಠ ಪಾಲು, ಗರಿಷ್ಠ ಮಿತಿಯಲ್ಲ. ಕ್ಯಾಮೆರಾಕ್ಕೆ ಶೇ. 10 ಎಂದು ಬರೆದರೂ ರಾತ್ರಿ ಕಚೇರಿ ಖಾಲಿಯಿದ್ದಾಗ ಅದು 36 ಎಂಬಿಪಿಎಸ್ ಪೂರ್ತಿ ಬಳಸಬಹುದು. ಎಲ್ಲರೂ ಒಟ್ಟಿಗೆ ಕೇಳಿದಾಗ ಮಾತ್ರ ಅದರ ಪಾಲು 3.5 ಎಂಬಿಪಿಎಸ್ ಹತ್ತಿರಕ್ಕೆ ಇಳಿಯುತ್ತದೆ. ಹಗಲಿನ ದೃಶ್ಯಗಳೂ ಬಿಡದೆ ಬೇಕು ಎನ್ನುವವರು ಕ್ಯಾಮೆರಾಗಳ ಪೂರ್ಣ ದೃಶ್ಯವನ್ನು ಕಟ್ಟಡದೊಳಗಿನ ಎನ್‌ವಿಆರ್‌ನಲ್ಲಿ (ಕ್ಯಾಮೆರಾ ರೆಕಾರ್ಡರ್‌ನಲ್ಲಿ) ಇಟ್ಟುಕೊಂಡು ಕಡಿಮೆ ಗುಣಮಟ್ಟದ ಪ್ರತಿಯನ್ನಷ್ಟೇ ಕ್ಲೌಡ್‌ಗೆ ಕಳುಹಿಸಬೇಕು.

ಪ್ರಯಾರಿಟಿ ಹಾಗಲ್ಲ. ಅದರ ಸಾಲನ್ನು ರೂಟರ್ ಮೊದಲು ಖಾಲಿ ಮಾಡುತ್ತದೆ; ಆದರೆ ದಟ್ಟಣೆ ಇದ್ದಾಗ 1,500 ಕೆಬಿಪಿಎಸ್ ದಾಟಿದ್ದನ್ನು ನಿರ್ದಾಕ್ಷಿಣ್ಯವಾಗಿ ಬೀಳಿಸುತ್ತದೆ. ಬೀಳುವುದು ಕೊನೆಗೆ ಬಂದ ಕರೆಯ ಪ್ಯಾಕೆಟ್‌ಗಳೇ ಎಂದುಕೊಳ್ಳಬೇಡಿ. ಎಲ್ಲ ಕರೆಗಳಿಂದಲೂ ಒಂದಿಷ್ಟು ಹೋಗಿ ಎಲ್ಲರ ಮಾತೂ ಕೆಡುತ್ತದೆ. ಆದ್ದರಿಂದ ಏಕಕಾಲದ ಕರೆಗಳ ಮಿತಿಯನ್ನು ಐಪಿ-ಪಿಬಿಎಕ್ಸ್‌ನಲ್ಲೇ (ಕಚೇರಿಯ ಫೋನ್ ಎಕ್ಸ್‌ಚೇಂಜ್‌ನಲ್ಲೇ) ಇಟ್ಟುಬಿಡಿ. ಆದ್ಯತೆಯ ಸಾಲು ಸಂಪರ್ಕದ ಮೂರನೇ ಒಂದು ಭಾಗ ಮೀರಬಾರದು ಎಂಬುದು ಹಳೆಯ ಎಚ್ಚರಿಕೆ, ಇಂದಿಗೂ ಒಳ್ಳೆಯದೇ. ಎಲ್ಲವೂ ಮುಖ್ಯ ಎಂದು ಎಲ್ಲವನ್ನೂ ಅದರೊಳಗೆ ತುರುಕಿದರೆ ಆದ್ಯತೆ ಯಾರಿಗೂ ಇರುವುದಿಲ್ಲ.

ಇಂಟರ್‌ಫೇಸ್‌ಗೆ ಹಾಕುವ ಹೊತ್ತು

ಇಷ್ಟು ಹೊತ್ತು ಬರೆದದ್ದು ಇನ್ನೂ ಕಾಗದದ ಮೇಲಿನ ನಿಯಮ. ಇಂಟರ್‌ಫೇಸ್‌ಗೆ ಕಟ್ಟಿದ ಕ್ಷಣದಿಂದ ಅದು ಜಾರಿಗೆ ಬರುತ್ತದೆ. ನೀವು ಚಿಕ್ಕಮಗಳೂರಿನಲ್ಲಿ ಕುಳಿತು ಹಾಸನದ ರೂಟರ್ ಅನ್ನು ದೂರದಿಂದ ತಿದ್ದುತ್ತಿದ್ದರೆ ಮೊದಲು ಈಗಿರುವ ಸಂರಚನೆಯನ್ನು ಉಳಿಸಿ, ನಂತರ ಹೀಗೆ ಟೈಪ್ ಮಾಡಿ:

ರೀಲೋಡ್ ಇನ್ 10

ಮುಂದಿನ ಆದೇಶದಿಂದ ಸಂಪರ್ಕ ಕಡಿದುಹೋದರೂ ಹತ್ತು ನಿಮಿಷದಲ್ಲಿ ರೂಟರ್ ತಾನೇ ಮರುಚಾಲನೆಯಾಗಿ ಹಳೆಯ ಸಂರಚನೆಗೆ ಮರಳುತ್ತದೆ. ರೂಟರ್ ಕೇಳುವ ಪ್ರಶ್ನೆಗಳಲ್ಲಿ ಸಂರಚನೆ ಉಳಿಸಬೇಕೆ ಎಂದು ಬಂದರೆ ಬೇಡ ಎನ್ನಿ. ರಾತ್ರಿ ಹಾಸನಕ್ಕೆ ವಾಹನ ತೆಗೆದುಕೊಂಡು ಹೋಗುವುದನ್ನು ತಪ್ಪಿಸುವ ಆದೇಶವಿದು. ಇದಾದ ಮೇಲೆ:

ಇಂಟರ್‌ಫೇಸ್ ಗಿಗಾಬಿಟ್‌ಈಥರ್‌ನೆಟ್ 0/0/0
 ಲೋಡ್-ಇಂಟರ್ವಲ್ 30
 ಸರ್ವಿಸ್-ಪಾಲಿಸಿ ಔಟ್‌ಪುಟ್ ಪೇರೆಂಟ್

ಹಾಕಬೇಕಾದದ್ದು ಪೇರೆಂಟ್, ಚೈಲ್ಡ್ ಅಲ್ಲ. ದಿಕ್ಕು ಔಟ್‌ಪುಟ್. ಶೇಪ್ ಅಥವಾ ಪ್ರಯಾರಿಟಿ ಇರುವ ನೀತಿಯನ್ನು ಇನ್‌ಪುಟ್ ದಿಕ್ಕಿಗೆ ಹಾಕಲು ಹೋದರೆ ರೂಟರ್ ಒಪ್ಪುವುದಿಲ್ಲ. ಆಗಲೇ ಬಂದುಬಿಟ್ಟ ಪ್ಯಾಕೆಟ್ ಅನ್ನು ಸಾಲಿನಲ್ಲಿ ನಿಲ್ಲಿಸಲು ಬರುವುದಿಲ್ಲ. ಲೋಡ್-ಇಂಟರ್ವಲ್ ಸಾಲು ನೀತಿಗೆ ಬೇಕಾದದ್ದಲ್ಲ, ನಮಗೆ ಬೇಕಾದದ್ದು: ವೇಗದ ಸರಾಸರಿಯನ್ನು ಐದು ನಿಮಿಷದ ಬದಲು 30 ಸೆಕೆಂಡ್‌ಗೆ ಲೆಕ್ಕ ಹಾಕಿಸುತ್ತದೆ.

ಪಿಪಿಪಿಒಇ (ಬಳಕೆದಾರರ ಹೆಸರು, ಗುಪ್ತಪದ ಕೊಟ್ಟು ಜೋಡಿಸುವ) ಸಂಪರ್ಕವಿದ್ದರೆ ನೀತಿ ಡಯಲರ್ ಇಂಟರ್‌ಫೇಸ್‌ಗೋ ಪೋರ್ಟ್‌ಗೋ ಎಂಬುದು ರೂಟರ್ ಮಾದರಿಯನ್ನು ಅವಲಂಬಿಸಿದೆ. ಯಾವುದಕ್ಕೆ ಹಾಕಿದಾಗ ಕೆಳಗಿನ ಎಣಿಕೆಗಳು ಓಡುತ್ತವೆಯೋ ಅದೇ ಸರಿಯಾದ ಜಾಗ.

ಎಲ್ಲ ಸರಿಯಾಗಿದ್ದರೆ ರೀಲೋಡ್ ಕ್ಯಾನ್ಸಲ್ ಎಂದು ಟೈಪ್ ಮಾಡಿ. ಇದನ್ನು ಮರೆತರೆ ಮಧ್ಯಾಹ್ನದ ವಹಿವಾಟಿನ ನಡುವೆ ರೂಟರ್ ಮರುಚಾಲನೆಯಾಗುತ್ತದೆ. ನಂತರ ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲಾಗದು, ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ ಎಂದೂ ಹೇಳಲಾಗದು. ಉಳಿಸದ ನೀತಿ ಕರೆಂಟಿನ ಜೊತೆಗೇ ಹೋಗುತ್ತದೆ.

ಎಣಿಕೆಗಳನ್ನು ಓದುವುದು

ಹಾಕಿದ್ದಾಯಿತು ಎಂದು ಎದ್ದು ಹೋಗಬೇಡಿ. ಮತ್ತೆ ದೊಡ್ಡ ಕಡತ ಏರಿಸಿ ಸಂಪರ್ಕ ತುಂಬಿಸಿ, ಒಂದು ಕರೆ ಮಾಡಿ, ಆಗ ನೋಡಿ:

ಶೋ ಪಾಲಿಸಿ-ಮ್ಯಾಪ್ ಇಂಟರ್‌ಫೇಸ್ ಗಿಗಾಬಿಟ್‌ಈಥರ್‌ನೆಟ್ 0/0/0

ಮೊದಲು ಕಾಣುವುದು ತಂದೆ ನೀತಿ. ಅಲ್ಲಿ ಟಾರ್ಗೆಟ್ ಶೇಪ್ ರೇಟ್ 36000000 ಎಂದಿರಬೇಕು. ಅದರ ಕೆಳಗೆ ಒಂದೊಂದೇ ಗುಂಪು. ವಾಯ್ಸ್ ಗುಂಪಿನ ಪ್ಯಾಕೆಟ್ ಎಣಿಕೆ ಒಂದು ಕರೆಗೆ ಸೆಕೆಂಡಿಗೆ ಸುಮಾರು 50ರಂತೆ ಏರಬೇಕು. ಆದೇಶವನ್ನು ಹತ್ತು ಸೆಕೆಂಡ್ ಬಿಟ್ಟು ಮತ್ತೆ ಕೊಟ್ಟರೆ ಸುಮಾರು 500 ಹೆಚ್ಚಿರುತ್ತದೆ. ಅದೇ ಗುಂಪಿನ ಡ್ರಾಪ್ಸ್ (ಬಿದ್ದ ಪ್ಯಾಕೆಟ್‌ಗಳ ಎಣಿಕೆ) ಸೊನ್ನೆಯಾಗಿಯೇ ಉಳಿಯಬೇಕು. ಕ್ಲಾಸ್-ಡೀಫಾಲ್ಟ್‌ನಲ್ಲೋ ಕ್ಯಾಮೆರಾದಲ್ಲೋ ಡ್ರಾಪ್ಸ್ ಏರುತ್ತಿದ್ದರೆ ಗಾಬರಿ ಬೇಡ. ನೀತಿ ದುಡಿಯುತ್ತಿರುವ ಗುರುತೇ ಅದು. ಕಡತಗಳನ್ನು ಸಾಗಿಸುವ ಟಿಸಿಪಿ ಪ್ರೋಟೊಕಾಲ್ ಆ ಸೂಚನೆ ಹಿಡಿದು ವೇಗ ತಗ್ಗಿಸುತ್ತದೆ.

ವಾಯ್ಸ್ ಗುಂಪಿನ ಎಣಿಕೆ ಸೊನ್ನೆಯಲ್ಲೇ ನಿಂತು ಎಲ್ಲವೂ ಕ್ಲಾಸ್-ಡೀಫಾಲ್ಟ್‌ಗೆ ಹೋಗುತ್ತಿದ್ದರೆ ದೋಷ ಗುರುತು ಹಾಕುವಲ್ಲಿದೆ. 0/0/1.20ರ ಇನ್‌ಪುಟ್ ನೀತಿಯಲ್ಲಿ ಇಎಫ್ ಎಣಿಕೆ ಓಡುತ್ತಿದೆಯೇ ಎಂದು ಇದೇ ಆದೇಶದಿಂದ ನೋಡಿ. ಶಾಖೆಯಲ್ಲಿ ಎಸಿಎಲ್ ಬಿಟ್ಟು ಫೋನ್ ಹಾಕಿದ ಗುರುತನ್ನೇ ನಂಬಿದ್ದರೆ ನಡುವಿನ ಸ್ವಿಚ್ ಅದನ್ನು ಅಳಿಸುತ್ತಿರಬಹುದು. ಹಳೆಯ ಕ್ಯಾಟಲಿಸ್ಟ್ 2960, 3750ರಂತಹ ಸ್ವಿಚ್‌ಗಳಲ್ಲಿ ಎಂಎಲ್‌ಎಸ್ ಕ್ಯೂಒಎಸ್ ಚಾಲೂ ಇದ್ದು, ಪೋರ್ಟ್‌ಗೆ ಟ್ರಸ್ಟ್ (ಬಂದ ಗುರುತನ್ನು ನಂಬು ಎನ್ನುವ ಆದೇಶ) ಕೊಡದಿದ್ದರೆ ಗುರುತು 0ಗೆ ಬೀಳುತ್ತದೆ.

ಎಣಿಕೆ ಸರಿ, ಎಲ್ಲಿಯೂ ಡ್ರಾಪ್ಸ್ ಇಲ್ಲ, ಆದರೂ ಮಾತು ತುಂಡಾಗುತ್ತಿದೆ. ಆಗ ಶೇಪಿಂಗ್ ಅಂಕಿ ನಿಜವಾದ ವೇಗಕ್ಕಿಂತ ಮೇಲಿದೆ, ಸಾಲು ಇನ್ನೂ ಆಚೆಯ ಪೆಟ್ಟಿಗೆಯಲ್ಲೇ ಕಟ್ಟುತ್ತಿದೆ. ಪಿಂಗ್ ನೋಡುತ್ತಾ 36ರಿಂದ 35, 34 ಎಂದು ಇಳಿಸುತ್ತಾ ಬನ್ನಿ. ಒಂದು ಹಂತದಲ್ಲಿ ಪಿಂಗ್ ಥಟ್ಟನೆ ಶಾಂತವಾಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಒಳಬರುವ ದಿಕ್ಕು ಮತ್ತು ಅತಿಥಿಗಳು

ಡೌನ್‌ಲೋಡ್ ನಮ್ಮ ಕೈಯಲ್ಲಿರುವುದು ಅರ್ಧ ಮಾತ್ರ. ಪ್ಯಾಕೆಟ್ ನಮ್ಮ ಬಾಗಿಲಿಗೆ ಬರುವ ಮುನ್ನವೇ ಸೇವಾದಾರರ ಕಡೆ ಸಾಲಿನಲ್ಲಿ ನಿಂತು ಬಂದಿರುತ್ತದೆ, ಸಾರ್ವಜನಿಕ ಅಂತರ್ಜಾಲದಲ್ಲಿ ನಮ್ಮ ಡಿಎಸ್‌ಸಿಪಿಗೆ ಬೆಲೆ ಸಿಗುತ್ತದೆ ಎಂದು ನೆಚ್ಚಿಕೊಳ್ಳುವ ಹಾಗೂ ಇಲ್ಲ. ನಾವು ಮಾಡಬಹುದಾದದ್ದು ಹೆಚ್ಚು ಎಳೆಯುವವರನ್ನು ತಡೆಯುವುದು. ಅತಿಥಿಗಳ 0/0/1.40ರಲ್ಲಿ ಔಟ್‌ಪುಟ್ ದಿಕ್ಕಿಗೆ 8 ಎಂಬಿಪಿಎಸ್ ಶೇಪ್ ಹಾಕಿದರೆ ಅವರ ಡೌನ್‌ಲೋಡ್ ಅಲ್ಲಿಗೆ ನಿಲ್ಲುತ್ತದೆ. ಅವರ ಅಪ್‌ಲೋಡ್‌ಗೆ ಅದೇ ಇಂಟರ್‌ಫೇಸ್‌ನ ಇನ್‌ಪುಟ್‌ನಲ್ಲಿ ಪೊಲೀಸ್ ಆದೇಶ:

ಪೊಲೀಸ್ ಸಿಐಆರ್ 4000000 ಕನ್ಫಾರ್ಮ್-ಆ್ಯಕ್ಷನ್ ಟ್ರಾನ್ಸ್‌ಮಿಟ್ ಎಕ್ಸೀಡ್-ಆ್ಯಕ್ಷನ್ ಡ್ರಾಪ್

ಶೇಪ್ ಮಾಡಿದರೆ ಹೆಚ್ಚುವರಿ ಪ್ಯಾಕೆಟ್ ಕಾಯುತ್ತದೆ, ಪೊಲೀಸ್ ಮಾಡಿದರೆ ಬಿದ್ದುಹೋಗುತ್ತದೆ. ಇಡೀ 0/0/1 ಪೋರ್ಟ್‌ಗೆ ಶೇಪ್ ಹಾಕುವ ಯೋಚನೆ ಬಂದರೆ ಜೋಕೆ. ಕ್ಯಾಮೆರಾದಿಂದ ಬೇರೆ ವಿಲ್ಯಾನ್‌ನ ಎನ್‌ವಿಆರ್‌ಗೆ ಹೋಗುವ ಸಂಚಾರವೂ ಆ ಪೋರ್ಟ್ ದಾಟುವುದಾದರೆ ಅದೂ ಸಿಕ್ಕಿಕೊಳ್ಳುತ್ತದೆ.

ತೋಟದ ಶಾಖೆಯ ವಿಪಿಎನ್

ಐಪಿಸೆಕ್ ಟನಲ್‌ನಲ್ಲಿ ಒಳಗಿನ ಪ್ಯಾಕೆಟ್‌ನ ಡಿಎಸ್‌ಸಿಪಿಯನ್ನು ರೂಟರ್ ಹೊರಗಿನ ಹೆಡರ್‌ಗೆ ತಾನೇ ನಕಲು ಮಾಡುತ್ತದೆ. ಹಾಗಾಗಿ ಗುರುತು ನೋಡುವ ನಮ್ಮ ನೀತಿ ಗೂಢಲಿಪಿಯಾದ ಪ್ಯಾಕೆಟ್‌ಗೂ ನಡೆಯುತ್ತದೆ. ಒಳಗಿನ ವಿಳಾಸ ಅಥವಾ ಪೋರ್ಟ್ ನೋಡಲೇಬೇಕೆಂದರೆ ಮಾತ್ರ ಕ್ಯೂಒಎಸ್ ಪ್ರೀ-ಕ್ಲಾಸಿಫೈ ಎಂಬ ಆದೇಶ ಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಐಪಿಸೆಕ್ ಪ್ರತಿ ಪ್ಯಾಕೆಟ್‌ಗೆ ಕ್ರಮಸಂಖ್ಯೆ ಕೊಟ್ಟ ಮೇಲೆ ನಮ್ಮ ನೀತಿ ಧ್ವನಿಯನ್ನು ಮುಂದಕ್ಕೆ, ಉಳಿದದ್ದನ್ನು ಹಿಂದಕ್ಕೆ ಸರಿಸುತ್ತದೆ. ಆಚೆಯ ರೂಟರ್ ಡೀಫಾಲ್ಟ್ ಆಗಿ 64 ಪ್ಯಾಕೆಟ್‌ಗಳಷ್ಟು ಹಿಂದೆಮುಂದಾಗುವುದನ್ನು ಮಾತ್ರ ಸಹಿಸುತ್ತದೆ. ಅದಕ್ಕಿಂತ ತಡವಾಗಿ ಬಂದದ್ದನ್ನು ಮರುಪ್ರಸಾರದ ದಾಳಿಯೆಂದು ತಿಳಿದು ಎಸೆಯುತ್ತದೆ. ಕ್ಯೂಒಎಸ್ ಹಾಕಿದ ಮೇಲೆ ಶಾಖೆಯ ಲೆಕ್ಕಪತ್ರ ನಿಧಾನವಾಯಿತು, ಲಾಗ್‌ನಲ್ಲಿ ರೀಪ್ಲೇ ದೋಷಗಳು ಕಾಣುತ್ತಿವೆ ಎಂದರೆ ಎರಡೂ ಕಡೆ ಹೀಗೆ ಮಾಡಿ:

ಕ್ರಿಪ್ಟೊ ಐಪಿಸೆಕ್ ಸೆಕ್ಯುರಿಟಿ-ಅಸೋಸಿಯೇಷನ್ ರೀಪ್ಲೇ ವಿಂಡೋ-ಸೈಜ್ 1024

ಮಳೆಗಾಲದ ಬದಲಿ ಸಂಪರ್ಕ

ಮಲೆನಾಡಿನ ಜೂನ್, ಜುಲೈನಲ್ಲಿ ಮರ ಬಿದ್ದು ಫೈಬರ್ ಕಡಿಯುವುದು ಹೊಸದಲ್ಲ. ಆಗ ಕಚೇರಿ 4ಜಿ ಮೇಲೆ ನಡೆಯುತ್ತದೆ, ಅಪ್‌ಲೋಡ್ 3 ಅಥವಾ 4 ಎಂಬಿಪಿಎಸ್ ಸಿಕ್ಕರೆ ಪುಣ್ಯ. ಪೇರೆಂಟ್ ನೀತಿಯನ್ನು ಆ ಇಂಟರ್‌ಫೇಸ್‌ಗೂ ಹಾಗೆಯೇ ಹಾಕಿದರೆ 36 ಎಂಬಿಪಿಎಸ್‌ನ ಶೇಪಿಂಗ್ ಅಲ್ಲಿ ಇದ್ದೂ ಇಲ್ಲದಂತೆ. ಅದಕ್ಕೆ ಬೇರೆಯೇ ತಂದೆ-ಮಗು ಜೋಡಿ ಬರೆಯಿರಿ: ಮಳೆ ಸುರಿಯುವಾಗ ಅಳೆದ ಕನಿಷ್ಠ ವೇಗಕ್ಕೆ ಶೇಪ್, ಧ್ವನಿಗೆ 600 ಕೆಬಿಪಿಎಸ್, ಉಳಿದದ್ದರಲ್ಲಿ ದೊಡ್ಡ ಪಾಲು ಬಿಜಿನೆಸ್ ಗುಂಪಿಗೆ. ಕ್ಯಾಮೆರಾಗಳಿಗೆ ಪಾಲನ್ನೇ ಇಡಬೇಡಿ. ವಿಲ್ಯಾನ್ 30 ಆ ದಾರಿಯಲ್ಲಿ ಹೊರಗೆ ಹೋಗದಂತೆ ಎಸಿಎಲ್‌ನಿಂದ ತಡೆದುಬಿಡಿ. ಫೈಬರ್ ಸರಿಯಾಗುವವರೆಗೆ ದೃಶ್ಯಗಳು ಎನ್‌ವಿಆರ್‌ನಲ್ಲಿ ಇರುತ್ತವೆ. ಈ ನೀತಿಯನ್ನು ಬೇಸಿಗೆಯಲ್ಲೇ ಫೈಬರ್ ಕೇಬಲ್ ಕಿತ್ತು ಪರೀಕ್ಷಿಸಿ.

ಹೋಂಸ್ಟೇಗಳ ಸಣ್ಣ ರೂಟರ್‌ಗಳಿಗೆ

ಚಿಕ್ಕಮಗಳೂರಿನ ಹೋಂಸ್ಟೇ ಮಾಲೀಕರಿಗೆ ಇಷ್ಟೆಲ್ಲ ಬೇಕಿಲ್ಲ. ಓಪನ್‌ಡಬ್ಲ್ಯುಆರ್‌ಟಿ (ರೂಟರ್‌ಗಳ ಮುಕ್ತ ತಂತ್ರಾಂಶ) ನಡೆಯುವ ರೂಟರ್ ಇದ್ದರೆ ಸಾಲು ನಿರ್ವಹಿಸುವ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ಹೊರಗಿನ ಇಂಟರ್‌ಫೇಸ್ ಆರಿಸಿ, ಕ್ಯೂ ವಿಧಾನದಲ್ಲಿ ಕೇಕ್ ಎಂಬುದನ್ನು ಆಯ್ದು, ಅಳೆದ ವೇಗಗಳ ಶೇ. 90ರಿಂದ 95ರಷ್ಟನ್ನು ಕೆಬಿಪಿಎಸ್‌ನಲ್ಲಿ ಬರೆದರೆ ಬಹುಪಾಲು ಕೆಲಸ ಮುಗಿಯಿತು. ಗುಂಪು, ಗುರುತು ಬರೆಯದೆಯೇ ಒಬ್ಬರ ಡೌನ್‌ಲೋಡ್ ಇನ್ನೊಬ್ಬರ ಕರೆಯನ್ನು ನುಂಗದಂತೆ ಅದು ನೋಡಿಕೊಳ್ಳುತ್ತದೆ. ಇದರಲ್ಲಿ ಡೌನ್‌ಲೋಡ್ ದಿಕ್ಕಿಗೂ ಶೇಪಿಂಗ್ ಇರುವುದು ದೊಡ್ಡ ಅನುಕೂಲ.

ಮೈಕ್ರೋಟಿಕ್ ರೂಟರ್ ಬಳಸುವವರಿಗೆ ಅದರ ತಂತ್ರಾಂಶವಾದ ರೂಟರ್‌ಒಎಸ್ 7ರಿಂದ ಕೇಕ್ ಲಭ್ಯವಿದೆ. ಆದರೆ ಫೈರ್‌ವಾಲ್‌ನಲ್ಲಿ ಫಾಸ್ಟ್‌ಟ್ರ್ಯಾಕ್ ನಿಯಮ ಚಾಲೂ ಇದ್ದರೆ ಆ ಸಂಚಾರ ಸಿಂಪಲ್ ಕ್ಯೂಗಳನ್ನು ಮುಟ್ಟದೆ ಹೊರಟುಹೋಗುತ್ತದೆ. ಎಣಿಕೆ ಓಡದ ಕ್ಯೂ ಕಂಡರೆ ಮೊದಲು ಆ ನಿಯಮವನ್ನು ನಿಲ್ಲಿಸಿ ನೋಡಿ.

ಪ್ಲಾನ್ ಬದಲಾಯಿಸಿದ ದಿನವೇ ಶೇಪಿಂಗ್ ಅಂಕಿಯನ್ನು ಬದಲಾಯಿಸಬೇಕು, ಇಲ್ಲವಾದರೆ 100 ಎಂಬಿಪಿಎಸ್‌ಗೆ ಹಣ ಕೊಟ್ಟು 36ರಲ್ಲೇ ಇರುತ್ತೀರಿ. ಹೊಸ ವೇಗ ಅಳೆದು ಪೇರೆಂಟ್‌ನ ಒಂದು ಸಾಲು ತಿದ್ದಿದರೆ ಶೇಕಡಾವಾರು ಪಾಲುಗಳು ತಾವಾಗಿಯೇ ಹಿಗ್ಗುತ್ತವೆ. ಪ್ರಯಾರಿಟಿ 1500 ಮಾತ್ರ ಹಾಗೆಯೇ ಇರುತ್ತದೆ. ಕರೆಗಳ ಸಂಖ್ಯೆ ಹೆಚ್ಚದಿದ್ದರೆ ಅದನ್ನು ಮುಟ್ಟುವ ಅಗತ್ಯವೂ ಇಲ್ಲ.